ಗೊರಕೆ ಜೋರಾದರೆ ನಿದ್ದೆ ಗಟ್ಟಿ ಎಂದಲ್ಲ

ಬೆಳಗಿನ ಜಾವ ಅರಸೀಕೆರೆ ಜಂಕ್ಷನ್‌ನಲ್ಲಿ ಇಳಿಯುವವರನ್ನು ಹಳೇಬೀಡಿಗೆ ಕರೆತರಬೇಕಾದ ಚಾಲಕ ಹಿಂದಿನ ರಾತ್ರಿ ಬೇಗ ಮಲಗಿದರೆ ಸಾಕು ಅಂದುಕೊಳ್ಳುತ್ತಾನೆ. ಏಳೆಂಟು ತಾಸು ಗೊರಕೆ ಹೊಡೆದೆದ್ದ ಮೇಲೂ ಸ್ಟೇರಿಂಗ್ ಮುಂದೆ ತೂಕಡಿಕೆ ಬಂದರೆ ಸ್ಲೀಪ್ ಅಪ್ನಿಯಾ ಇದೆಯೇ ಎಂದು ನೋಡಿಸಿಕೊಳ್ಳಬೇಕು.

ಈ ಕಾಯಿಲೆಯಿದ್ದವರಿಗೆ ನಿದ್ದೆಯಲ್ಲಿ ಗಂಟಲಿನ ಸ್ನಾಯು ಸಡಿಲವಾಗಿ, ನಾಲಿಗೆ ಹಿಂದಕ್ಕೆ ಜಾರಿ ಉಸಿರಿನ ದಾರಿ ಮುಚ್ಚುತ್ತದೆ. ಎದೆ ಎಳೆಯುತ್ತಲೇ ಇರುತ್ತದೆ, ಗಾಳಿ ಮಾತ್ರ ಒಳಹೋಗದು. ಕನಿಷ್ಠ 10 ಸೆಕೆಂಡು ಹೀಗಾದರೆ ಅದು ಅಪ್ನಿಯಾ. ರಕ್ತದಲ್ಲಿ ಆಮ್ಲಜನಕ ಇಳಿದೊಡನೆ ಮಿದುಳು ಗಳಿಗೆ ಮಟ್ಟಿಗೆ ಎಚ್ಚೆತ್ತು ಗಂಟಲು ತೆರೆಸುತ್ತದೆ. ಮಲಗಿದವರಿಗೆ ಇದರ ನೆನಪೇ ಇರುವುದಿಲ್ಲ. ಗಾಢನಿದ್ದೆ, ಕನಸಿನ ನಿದ್ದೆ ಎರಡೂ ಚೂರುಚೂರು. ಹಗಲಲ್ಲಿ ಹೇಳಿದ್ದು ಮರೆತುಹೋಗುತ್ತದೆ, ಚಿಲ್ಲರೆ ಲೆಕ್ಕ ತಪ್ಪುತ್ತದೆ, ಬ್ರೇಕಿನ ಮೇಲೆ ಕಾಲು ತಡವಾಗಿ ಹೋಗುತ್ತದೆ. ಮನೆಯವರು ವಯಸ್ಸಿನ ಮೇಲೆ ಹಾಕಿ ಸುಮ್ಮನಾಗುತ್ತಾರೆ.

ಮೊದಲು ಸಾಕ್ಷಿ ಬೇಕು. ಮನೆಯವರು ಮೊಬೈಲ್‌ನಲ್ಲಿ ಗೊರಕೆ ರೆಕಾರ್ಡ್ ಮಾಡಲಿ. ಏರುತ್ತಾ ಹೋದ ಸದ್ದು ಥಟ್ಟನೆ ನಿಂತು, ಆಮೇಲೆ ಉಸಿರುಗಟ್ಟಿದವರಂತೆ ಏದುಸಿರು ಬಂದರೆ ಅದೇ ಮುಖ್ಯ. ರಾತ್ರಿ ಪದೇ ಪದೇ ಮೂತ್ರಕ್ಕೆ ಏಳುವುದು, ಎದ್ದಾಗ ತಲೆನೋವು, ಬಾಯಿ ಒಣಗುವುದನ್ನೂ ಬರೆದಿಡಿ. ಹೆಂಗಸರಲ್ಲಿ ಗೊರಕೆಗಿಂತ ಸುಸ್ತು, ನಿದ್ದೆ ಬಾರದಿರುವುದೇ ಎದ್ದು ಕಾಣಬಹುದು.

ಆಮೇಲೆ ಎಪ್‌ವರ್ತ್ ಪಟ್ಟಿ. ಮೆಲ್ಬರ್ನ್‌ನ ವೈದ್ಯ ಮರ್ರೆ ಜಾನ್ಸ್ 1991ರಲ್ಲಿ ಪ್ರಕಟಿಸಿದ ಎಂಟು ಪ್ರಶ್ನೆಗಳಿವು: ಓದುವಾಗ, ಟಿವಿ ನೋಡುವಾಗ, ಊಟವಾಗಿ ಸುಮ್ಮನೆ ಕೂತಾಗ, ಯಾರೊಡನೋ ಮಾತಾಡುವಾಗ, ಟ್ರಾಫಿಕ್‌ನಲ್ಲಿ ಕಾರು ನಿಂತಾಗ ಹೀಗೆ ಒಂದೊಂದು ಸಂದರ್ಭದಲ್ಲೂ ತೂಕಡಿಕೆ ಎಷ್ಟು ಬಂದೀತು ಎಂದು 0ರಿಂದ 3 ಅಂಕ ಕೊಡಬೇಕು. ಒಟ್ಟು 24ರಲ್ಲಿ 10 ದಾಟಿದರೆ ಹಗಲುನಿದ್ದೆ ಹೆಚ್ಚೆಂದು ಅರ್ಥ. ಲೈಸೆನ್ಸಿನ ಭಯಕ್ಕೆ ಚಾಲಕರು ಕಡಿಮೆ ಅಂಕ ಹಾಕಿಕೊಳ್ಳುವುದು ಸಹಜ. ಹಾಗಾಗಿ ಹೆಂಡತಿಯಿಂದಲೂ ಹಾಕಿಸಿ, ಎರಡನ್ನೂ ತೋರಿಸಿ. ಅಂಕ ಕಡಿಮೆ ಬಂದ ಮಾತ್ರಕ್ಕೆ ಕಾಯಿಲೆ ಇಲ್ಲವೆಂದೂ ಅಲ್ಲ.

ಇವನ್ನೆಲ್ಲ ಹಿಡಿದು ಹಾಸನದ ಹಿಮ್ಸ್ ಆಸ್ಪತ್ರೆಯ ಕಿವಿ-ಮೂಗು-ಗಂಟಲು ವಿಭಾಗಕ್ಕೆ ಹೋಗಿ. ಬಿಪಿ, ಸಕ್ಕರೆ, ಥೈರಾಯ್ಡ್ ಕೂಡ ನೋಡಿಸಿ. ರಾತ್ರಿಯ ನಿದ್ರಾಪರೀಕ್ಷೆ ಎಲ್ಲಿ ಸಿಗುತ್ತದೆ ಎಂದು ಅಲ್ಲೇ ಕೇಳಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನಿದ್ರಾ ತೊಂದರೆಗಳಿಗೆ ಚಿಕಿತ್ಸೆಯಿದೆ. ವರದಿಯಲ್ಲಿ ನೋಡಬೇಕಾದ್ದು ಗಂಟೆಗೆ ಎಷ್ಟು ಬಾರಿ ಉಸಿರು ನಿಂತಿತು ಅಥವಾ ಕ್ಷೀಣಿಸಿತು ಎಂಬ ಸಂಖ್ಯೆ. 5ರಿಂದ 15 ಸೌಮ್ಯ, 30 ದಾಟಿದರೆ ತೀವ್ರ.

ತೂಕ ಇಳಿಸುವುದು, ಮಗ್ಗುಲಾಗಿ ಮಲಗುವುದು, ರಾತ್ರಿಯ ಮದ್ಯ ಬಿಡುವುದು ಎಲ್ಲರಿಗೂ ಒಳ್ಳೆಯದೇ. ನಿದ್ದೆ ಮಾತ್ರೆಯನ್ನು ಸ್ವಂತ ಬುದ್ಧಿಯಿಂದ ನುಂಗಬೇಡಿ, ಅದು ಗಂಟಲನ್ನು ಇನ್ನಷ್ಟು ಸಡಿಲಿಸಬಹುದು. ತೀವ್ರವಿದ್ದರೆ ಸಿಪ್ಯಾಪ್ ಯಂತ್ರವೇ ಮುಖ್ಯ ಮದ್ದು. ಸಿಡ್ನಿಯ ಕಾಲಿನ್ ಸಲಿವನ್ 1981ರಲ್ಲಿ ವರದಿ ಮಾಡಿದ ವಿಧಾನವಿದು: ಮಾಸ್ಕ್ ಮೂಲಕ ಒತ್ತಡದ ಗಾಳಿ ಹೋಗಿ ಗಂಟಲು ಮುಚ್ಚದಂತೆ ತಡೆಯುತ್ತದೆ. ಮೊದಲ ವಾರಗಳಲ್ಲಿ ಕಿರಿಕಿರಿಯೇ. ಮಾಸ್ಕ್ ಸೋರಿದರೆ ಅಳತೆ ಬದಲಿಸಿ ಕೇಳಿ, ಮೂಗು ಒಣಗಿದರೆ ತೇವಾಂಶ ಕೊಡುವ ಜೋಡಣೆ ಇದೆ. ಕರೆಂಟ್ ಹೋಗುವ ನಮ್ಮ ಕಡೆ ಯಂತ್ರದ ಜೊತೆಗೇ ಇನ್ವರ್ಟರ್ ಲೆಕ್ಕವೂ ಹಾಕಬೇಕು.

ಚಿಕಿತ್ಸೆ ಹತ್ತುವ ತನಕ ತೂಕಡಿಕೆ ಬಂದರೆ ಗಾಡಿ ಬದಿಗೆ ಹಾಕಿ. ಕಿಟಕಿ ಇಳಿಸುವುದು, ಹಾಡು ಜೋರು ಮಾಡುವುದು ನೆಚ್ಚುವ ಉಪಾಯವಲ್ಲ. ಬೇರೆ ಯಾವುದೇ ಶಸ್ತ್ರಚಿಕಿತ್ಸೆಗೆ ಹೋದರೂ ಅಪ್ನಿಯಾ ಇದೆಯೆಂದು ಅರಿವಳಿಕೆ ವೈದ್ಯರಿಗೆ ಮೊದಲೇ ತಿಳಿಸಿ, ಯಂತ್ರವನ್ನು ಆಸ್ಪತ್ರೆಗೆ ಒಯ್ಯಿರಿ.