ಗಣಕಯಂತ್ರದಲ್ಲಿ ಘನವಸ್ತುಗಳ ರಚನೆ: ಒಬ್ಬ ಹವ್ಯಾಸಿಯ ಮೊದಲ ಪಾಠಗಳು

ಕಲಾ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಯಂತ್ರಶಿಲ್ಪದ ಮಾತೇಕೆ ಎಂದು ವಾಚಕರು ಕೇಳಬಹುದು. ನಾನು ಓದುತ್ತಿರುವುದು ಅರ್ಥಶಾಸ್ತ್ರ ಮತ್ತು ಇತಿಹಾಸ; ಎಂಜಿನಿಯರಿಂಗ್ ಕಾಲೇಜಿನ ಮೆಟ್ಟಿಲನ್ನು ಹತ್ತಿದವನಲ್ಲ. ಆದರೆ ನನ್ನ ತಂದೆಯವರದು ಒಂದು ಸಣ್ಣ ಲೇತ್ ಕಾರ್ಖಾನೆ. ಒಂದು ಲೇತು, ಒಂದು ರಂಧ್ರ ಕೊರೆಯುವ ಯಂತ್ರ, ಒಬ್ಬ ಸಹಾಯಕ: ಇಷ್ಟೇ ಅದರ ಆಸ್ತಿ. ಮೂವತ್ತು ವರ್ಷಗಳಿಂದ ಗಿರಾಕಿಗಳು ಸವೆದ ಭಾಗವನ್ನು ಕೈಯಲ್ಲಿ ಹಿಡಿದು ಬಂದು "ಇಂಥದೇ ಇನ್ನೊಂದು ಬೇಕು" ಎನ್ನುತ್ತಿದ್ದರು. ತಂದೆಯವರು ಅಳೆದು ಮಾಡಿಕೊಡುತ್ತಿದ್ದರು. ಈಚಿನ ಕೆಲವು ವರ್ಷಗಳಿಂದ ಗಿರಾಕಿಗಳು ವಸ್ತುವಿನ ಬದಲು ಕಂಪ್ಯೂಟರಿನ ಕಡತವನ್ನು ಕಳುಹಿಸತೊಡಗಿದ್ದಾರೆ. ಆ ಕಡತವನ್ನು ತೆರೆಯುವುದು ತಿಳಿಯದೆ ಕಳೆದ ವರ್ಷ ಮೂರು ಕೆಲಸಗಳು ಕೈಬಿಟ್ಟುಹೋದವು. ತಂದೆಯವರು ಏನೂ ಹೇಳಲಿಲ್ಲ. ಆದರೆ ಲೇತು ಸುಮ್ಮನೆ ನಿಂತ ದಿನ ಮನೆಯಲ್ಲಿ ಮಾತು ಕಡಮೆಯಾಗುತ್ತದೆ. ಅದನ್ನು ನಾವೆಲ್ಲರೂ ಬಲ್ಲೆವು.

ನನ್ನ ಅಕ್ಕ ಎಂಜಿನಿಯರು. ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವಳೂ ಈ ವಿದ್ಯೆಯನ್ನು ಮೊದಲಿನಿಂದ ಕಲಿಯಬೇಕಾಯಿತು. "ರಜೆಯಲ್ಲಿ ನೀನೇ ಕಲಿ, ನಾನು ತಿದ್ದುತ್ತೇನೆ" ಎಂದಳು. ಹಾಗೆ ಕಲಿತಾಗ ನಾನು ಎಡವಿದ್ದೆಲ್ಲಿ, ಎದ್ದದ್ದು ಹೇಗೆ ಎಂಬುದನ್ನು ಸಹಪಾಠಿಗಳಿಗೆ ತಿಳಿಸುವುದೇ ಈ ಲೇಖನದ ಉದ್ದೇಶ. ಹೊಸದಾಗಿ ಕೆಲಸಕ್ಕೆ ಸೇರಿದ ಎಂಜಿನಿಯರುಗಳೂ ಇದೇ ಕಲ್ಲುಗಳನ್ನು ಎಡವುತ್ತಾರೆಂದು ಅಕ್ಕ ಹೇಳಿದ್ದರಿಂದ ಬರೆಯುವ ಧೈರ್ಯ ಬಂದಿದೆ.

ಮೊದಲು ಸ್ವಲ್ಪ ಇತಿಹಾಸ. ಘನವಸ್ತುವನ್ನು ಚಪ್ಪಟೆ ಕಾಗದದ ಮೇಲೆ ತೋರಿಸುವುದು ಹೇಗೆ ಎಂಬುದು ಹಳೆಯ ಪ್ರಶ್ನೆ. ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಫ್ರಾನ್ಸಿನ ಗಣಿತಜ್ಞ ಗಾಸ್ಪಾರ್ ಮಾಂಜ್ ಇದಕ್ಕೊಂದು ಶಾಸ್ತ್ರವನ್ನೇ ಕಟ್ಟಿದನು. ಒಂದಕ್ಕೊಂದು ಲಂಬವಾದ ಸಮತಲಗಳ ಮೇಲೆ ವಸ್ತುವಿನ ನೆರಳುಗಳನ್ನು ಬರೆದರೆ, ಬಲ್ಲವನು ಅವುಗಳಿಂದ ವಸ್ತುವನ್ನೇ ಮನಸ್ಸಿನಲ್ಲಿ ಕಟ್ಟಿಕೊಳ್ಳಬಲ್ಲನು. ಇಂದಿಗೂ ಯಂತ್ರಭಾಗಗಳ ನಕ್ಷೆಗೆ ಇದೇ ತಳಹದಿ. ಆದರೆ ಕಟ್ಟಿಕೊಳ್ಳುವ ಹೊಣೆ ಓದುವವನದು. ಕಾಗದಕ್ಕೆ ವಸ್ತುವಿನ ಅರಿವಿಲ್ಲ.

೧೯೬೩ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಯ ವಿದ್ಯಾರ್ಥಿ ಐವನ್ ಸದರ್‌ಲ್ಯಾಂಡ್ ತನ್ನ ಪಿಎಚ್.ಡಿ. ಪ್ರಬಂಧವಾಗಿ 'ಸ್ಕೆಚ್‌ಪ್ಯಾಡ್' ಎಂಬ ವ್ಯವಸ್ಥೆಯನ್ನು ಮುಂದಿಟ್ಟನು. ಬೆಳಕಿನ ಲೇಖನಿಯೊಂದರಿಂದ ಗಣಕಯಂತ್ರದ ಪರದೆಯ ಮೇಲೇ ಗೆರೆ ಎಳೆಯಬಹುದಾಗಿತ್ತು. ಅದಕ್ಕಿಂತ ಮುಖ್ಯವಾದ ಮಾತೆಂದರೆ, "ಈ ಎರಡು ಗೆರೆಗಳು ಸಮಾನಾಂತರವಾಗಿರಲಿ" ಎಂದು ವಿಧಿಸಿದರೆ ಯಂತ್ರವು ಆ ವಿಧಿಯನ್ನು ನೆನಪಿನಲ್ಲಿಟ್ಟುಕೊಂಡು ಪಾಲಿಸುತ್ತಿತ್ತು. ಅದೇ ವರ್ಷ ಅದೇ ಸಂಸ್ಥೆಯ ತಿಮೊಥಿ ಜಾನ್ಸನ್ ಇದನ್ನು ಮೂರು ಆಯಾಮಗಳಿಗೆ ವಿಸ್ತರಿಸಿದನು. ಮುಂದೆ ಮೂವತ್ತು ವರ್ಷಗಳಲ್ಲಿ ಈ ವಿದ್ಯೆ ಎಷ್ಟು ಬೆಳೆಯಿತೆಂದರೆ, ೧೯೯೪ರ ಜೂನ್ ೧೨ರಂದು ಮೊದಲ ಬಾರಿಗೆ ಹಾರಿದ ಬೋಯಿಂಗ್ ೭೭೭ ವಿಮಾನವನ್ನು 'ಕ್ಯಾಟಿಯಾ' ಎಂಬ ಫ್ರೆಂಚ್ ತಂತ್ರಾಂಶದ ನೆರವಿನಿಂದ ಸಂಪೂರ್ಣವಾಗಿ ಗಣಕಯಂತ್ರದಲ್ಲೇ ರಚಿಸಲಾಗಿತ್ತು. ಇಂಥ ತಂತ್ರಾಂಶಗಳಲ್ಲಿ ಹಲವು ಬಹಳ ಬೆಲೆಯವು. ನಾನು ಕಲಿತದ್ದು 'ಫ್ರೀಕ್ಯಾಡ್' ಎಂಬ ಉಚಿತ ತಂತ್ರಾಂಶದಲ್ಲಿ. ೨೦೦೨ರಲ್ಲಿ ಪ್ರಾರಂಭವಾದ ಅದರ ೧.೦ ಆವೃತ್ತಿ ೨೦೨೪ರಲ್ಲಿ ಹೊರಬಂದಿತು. ಅಕ್ಕನ ಹಳೆಯ ಲ್ಯಾಪ್‌ಟಾಪಿನಲ್ಲೂ ಅದು ನಡೆಯುತ್ತದೆ.

ಇನ್ನು ಪ್ರಕೃತ ವಿಷಯಕ್ಕೆ ಬರೋಣ. ನನ್ನ ಮೊದಲ ರಚನೆ ನಮ್ಮ ಮನೆಯ ಕಾಫಿ ಲೋಟ. ಇಂಥ ವಸ್ತುವನ್ನು ರಚಿಸುವ ಕ್ರಮ ಸರಳವಾದುದು. ಲೋಟವನ್ನು ಮೇಲಿನಿಂದ ಕೆಳಕ್ಕೆ ನಡುವೆ ಸೀಳಿದರೆ ಕಾಣುವ ಅಂಚಿನ ಅರ್ಧಭಾಗವನ್ನು ಮೊದಲು ಚಪ್ಪಟೆಯಾಗಿ ಬರೆಯಬೇಕು. ಇದಕ್ಕೆ ಸ್ಕೆಚ್ ಎನ್ನುತ್ತಾರೆ. ಅನಂತರ ಅದನ್ನು ನಡುಗೆರೆಯ ಸುತ್ತ ೩೬೦ ಡಿಗ್ರಿ ತಿರುಗಿಸಲು ಹೇಳಬೇಕು. ಕುಂಬಾರನ ಚಕ್ರದ ಮೇಲೆ ಮಡಕೆ ಏಳುವಂತೆ ಘನಾಕೃತಿ ಎದ್ದು ನಿಲ್ಲುತ್ತದೆ. ಡಬ್ಬಿಯಂಥ ವಸ್ತುವಾದರೆ ತಿರುಗಿಸುವ ಬದಲು ಸ್ಕೆಚ್ಚನ್ನು ಒಂದೇ ದಿಕ್ಕಿಗೆ ಎಳೆದು ದಪ್ಪ ಕೊಡುವುದುಂಟು.

ನನ್ನ ಲೋಟವೂ ಎದ್ದು ನಿಂತಿತು. ಪರದೆಯ ಮೇಲೆ ಅದು ಹೊಳೆಯುತ್ತಿದ್ದುದನ್ನು ಕಂಡು ನನಗೆ ಹಿಗ್ಗೋ ಹಿಗ್ಗು. ಅದರ ಚಿತ್ರವನ್ನು ಅಕ್ಕನಿಗೆ ಕಳುಹಿಸಿದೆ. ಅವಳು "ನಡುವೆ ಕತ್ತರಿಸಿ ನೋಡು" ಎಂದು ಉತ್ತರ ಕೊಟ್ಟಳು. ಕತ್ತರಿಸಿ ನೋಡಿದರೆ ಒಳಗೆಲ್ಲ ಗಟ್ಟಿ! ನಾನು ಹೊರಗೆರೆಯನ್ನು ಮಾತ್ರ ಯೋಚಿಸಿದ್ದೆ. ಅದು ಲೋಟವಾಗಿರಲಿಲ್ಲ, ಒಂದು ತೊಟ್ಟು ನೀರನ್ನೂ ಹಿಡಿಯದ, ಲೋಟದ ಆಕಾರದ ಗುಂಡಾಗಿತ್ತು. ಒಳಭಾಗವನ್ನು ತೆಗೆದು ಗೋಡೆಗೆ ೧ ಮಿಲಿಮೀಟರ್ ದಪ್ಪವನ್ನು ನಿಯಮಿಸಿದ ಮೇಲೆ ಅದಕ್ಕೆ ಲೋಟವೆಂಬ ಹೆಸರು ಸಂದಿತು.

ಈ ತಪ್ಪಿಗೆ ದೊಡ್ಡವರ ಸಂಗಾತವೂ ಉಂಟು. ೧೯೭೫ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾನಿಲಯದ ಸಂಶೋಧಕ ಮಾರ್ಟಿನ್ ನ್ಯೂವೆಲ್ ತನ್ನ ಮನೆಯ ಚಹಾ ಕೆಟಲಿನ ಆಕಾರವನ್ನು ಗ್ರಾಫ್ ಕಾಗದದ ಮೇಲೆ ಬರೆದು ಗಣಕಯಂತ್ರಕ್ಕೆ ಒಪ್ಪಿಸಿದನು. ಆ ಕೆಟಲ್ ಲೋಕಪ್ರಸಿದ್ಧವಾಯಿತು. ಚಿತ್ರ ಬಿಡಿಸುವ ಎಷ್ಟೋ ತಂತ್ರಾಂಶಗಳನ್ನು ಅದರಿಂದಲೇ ಪರೀಕ್ಷಿಸಿದರು. ಅವನು ಮೊದಲು ಬರೆದ ಕೆಟಲಿಗೆ ತಳವೇ ಇರಲಿಲ್ಲ! ಆದರೆ ನನ್ನ ತಪ್ಪಿಗೂ ಅದಕ್ಕೂ ಒಂದು ಭೇದವಿದೆ. ಅವನಿಗೆ ಬೇಕಾಗಿದ್ದುದು ನೋಡುವ ಚಿತ್ರ. ಚಿತ್ರಕ್ಕೆ ತಳ ಬೇಡ. ನನಗೆ ಬೇಕಾಗಿದ್ದುದು ಮಾಡುವ ವಸ್ತು. ಎಂಜಿನಿಯರನ ರಚನೆಯಲ್ಲಿ ಒಳಗೂ ಹೊರಗೂ ಸತ್ಯವಾಗಿರಬೇಕು. ಪರದೆಯ ಹೊಳಪು ಸತ್ಯಕ್ಕೆ ಸಾಕ್ಷಿಯಲ್ಲ. ಇದು ನಾನು ಕಲಿತ ಮೊದಲ ಪಾಠ.

ಎರಡನೆಯ ಪಾಠ ನಿರ್ಬಂಧಗಳದು. ನಾಲ್ಕು ಗೆರೆಗಳನ್ನು ಎಳೆದು ತುದಿಗಳನ್ನು ಜೋಡಿಸಿ ಆಯತವೊಂದನ್ನು ಮಾಡಿದೆ. ಒಂದು ಮೂಲೆಯನ್ನು ಎಳೆದೊಡನೆ ಅದು ಕೀಲು ಸಡಿಲವಾದ ಮಂಚದಂತೆ ವಾಲಿತು. ಕಾರಣ ಸ್ಪಷ್ಟ. ಸಮತಲದಲ್ಲಿ ಒಂದು ಬಿಂದುವಿಗೆ ಎರಡು ಸ್ವಾತಂತ್ರ್ಯಗಳುಂಟು: ಅಡ್ಡ ಚಲಿಸುವುದು, ಉದ್ದ ಚಲಿಸುವುದು. ನಾಲ್ಕು ಮೂಲೆಗಳಿಗೆ ಒಟ್ಟು ಎಂಟು. ಎರಡು ಗೆರೆಗಳು ಅಡ್ಡವಾಗಿರಲಿ, ಎರಡು ನೆಟ್ಟಗಿರಲಿ ಎಂದರೆ ನಾಲ್ಕು ಸ್ವಾತಂತ್ರ್ಯಗಳು ಹೋದವು. ಉದ್ದವನ್ನೂ ಅಗಲವನ್ನೂ ಹೇಳಿದರೆ ಇನ್ನೆರಡು. ಒಂದು ಮೂಲೆಯನ್ನು ಮೂಲಬಿಂದುವಿನಲ್ಲಿ ನೆಟ್ಟರೆ ಕೊನೆಯ ಎರಡು. ಆಗ ಫ್ರೀಕ್ಯಾಡ್‌ನಲ್ಲಿ ಸ್ಕೆಚ್ಚು ಹಸಿರು ಬಣ್ಣಕ್ಕೆ ತಿರುಗುತ್ತದೆ. ಎಲ್ಲವೂ ನಿಶ್ಚಿತವಾಯಿತೆಂದು ಅರ್ಥ. ಅರವತ್ತು ವರ್ಷಗಳ ಹಿಂದೆ ಸದರ್‌ಲ್ಯಾಂಡ್ ಕಂಡ ದಾರಿಯೇ ಇದು.

ಆದರೆ ಹಸಿರು ಬಂದ ಮಾತ್ರಕ್ಕೆ ಬುದ್ಧಿ ಬಂದಂತಲ್ಲ. ಅಕ್ಕ ನನಗೊಂದು ಅಭ್ಯಾಸ ಕೊಟ್ಟಳು: ೧೦೦ ಮಿಲಿಮೀಟರ್ ಉದ್ದ, ೬೦ ಅಗಲದ ಒಂದು ತಗಡು, ನಾಲ್ಕು ಮೂಲೆಗಳಲ್ಲಿ, ಅಂಚುಗಳಿಂದ ೧೦ ದೂರದಲ್ಲಿ, ನಾಲ್ಕು ರಂಧ್ರಗಳು. ನಾನು ಎಲ್ಲವನ್ನೂ ಎಡ ಅಂಚಿನಿಂದ ಅಳೆದು, ಬಲಗಡೆಯ ರಂಧ್ರಗಳನ್ನು ೯೦ರಲ್ಲಿ ಇಟ್ಟೆ. ಸ್ಕೆಚ್ಚು ಹಸಿರಾಯಿತು. "ಈಗ ಉದ್ದವನ್ನು ೧೨೦ ಮಾಡು" ಎಂದಳು. ತಗಡು ಉದ್ದವಾಯಿತು, ಬಲಗಡೆಯ ರಂಧ್ರಗಳು ಮಾತ್ರ ೯೦ರಲ್ಲೇ ಉಳಿದು, ಅಂಚಿನಿಂದ ೩೦ ದೂರಕ್ಕೆ ಸರಿದಂತಾಯಿತು. "ಇದು ತಪ್ಪಲ್ಲವೆ?" ಎಂದು ನಾನು ಕೇಳಿದೆ. "ಅದನ್ನು ನೀನೇ ಹೇಳಬೇಕು" ಎಂದಳು ಅಕ್ಕ. "ಈ ರಂಧ್ರಗಳು ಇನ್ನೊಂದು ಭಾಗದ ಬೋಲ್ಟುಗಳಿಗೆ ಹೊಂದಬೇಕಾದರೆ ಅವುಗಳ ನಡುವಿನ ೮೦ ಬದಲಾಗಕೂಡದು, ಹಾಗಾದರೆ ನೀನು ಮಾಡಿದ್ದು ಸರಿ. ಅಂಚಿಗೆ ಬಲ ಬೇಕೆಂದು ೧೦ ಬಿಟ್ಟಿದ್ದರೆ ತಪ್ಪು. ಈ ರಂಧ್ರ ಅಲ್ಲಿ ಏಕಿದೆ?"

ಈ 'ಏಕೆ' ಎಂಬುದನ್ನು ಎಂಜಿನಿಯರುಗಳು ರಚನೆಯ ಉದ್ದೇಶ ಎನ್ನುತ್ತಾರೆ. ಅಳತೆ ಎಷ್ಟು ಎಂಬುದಷ್ಟೇ ಸಾಲದು. ಯಾವುದರಿಂದ ಅಳೆದೆ, ಏಕೆ ಅಲ್ಲಿಂದ ಅಳೆದೆ ಎಂಬುದೂ ರಚನೆಯಲ್ಲಿ ಅಡಗಿರಬೇಕು. ಹೊಸಬರ ಮೊದಲ ಕೆಲಸಗಳು ನೋಡಲು ಚೆನ್ನಾಗಿದ್ದೂ ಒಂದು ಸಂಖ್ಯೆಯನ್ನು ಬದಲಿಸಿದೊಡನೆ ಕುಸಿದುಬೀಳುವುದು ಇದರಿಂದಲೇ. ಇತಿಹಾಸದ ವಿದ್ಯಾರ್ಥಿಯಾದ ನನಗೆ ಈ ಮಾತು ಬಹಳ ಹಿಡಿಸಿತು. ಇಸವಿಗಳನ್ನು ಬಾಯಿಪಾಠ ಮಾಡಿದವನೂ ಕಾರಣಗಳನ್ನು ಬಲ್ಲವನೂ ಒಂದೇ ಅಲ್ಲವಷ್ಟೆ?

ಮೂರನೆಯ ಪಾಠವನ್ನು ಕಲಿಸಿದವರು ನನ್ನ ತಂದೆಯವರು. ನಮ್ಮ ಬೀದಿಯ ಕಬ್ಬಿನ ಹಾಲಿನ ವ್ಯಾಪಾರಿಯೊಬ್ಬರ ಯಂತ್ರದಲ್ಲಿ ಗನ್‌ಮೆಟಲ್‌ನ ಬುಷ್ ಸವೆದಿತ್ತು. ಬುಷ್ ಎಂದರೆ ತಿರುಗುವ ದಂಡಕ್ಕೆ ಹಾಕುವ ಬಳೆಯಂಥ ಭಾಗ. ಬೇಸಗೆಯ ದಿನಗಳು, ಯಂತ್ರ ನಿಂತರೆ ಅವರ ಸಂಪಾದನೆಯೇ ನಿಂತಂತೆ. "ನಕ್ಷೆಯನ್ನು ನೀನು ಮಾಡು" ಎಂದರು ತಂದೆಯವರು. ನಾನು ವರ್ನಿಯರಿನಿಂದ ದಂಡವನ್ನು ಅಳೆದೆ: ೨೦ ಮಿಲಿಮೀಟರ್. ಪರದೆಯ ಮೇಲೆ ೨೦ರ ದಂಡವನ್ನೂ ೨೦ರ ಒಳವ್ಯಾಸದ ಬುಷ್ಷನ್ನೂ ರಚಿಸಿ ಜೋಡಿಸಿದೆ. ಕೂದಲಿನಷ್ಟೂ ಸಂದಿಲ್ಲದೆ ಒಂದರೊಳಗೊಂದು ಕೂಡಿತು. ನಕ್ಷೆಯನ್ನು ಮುದ್ರಿಸಿ ಕೊಟ್ಟೆ. ತಂದೆಯವರು ಅದನ್ನು ಗೋಡೆಗೆ ಅಂಟಿಸಿ, ಏನೂ ಕೇಳದೆ, ಕೊರೆದು ಮುಗಿಸಿದರು.

ಬುಷ್ ದಂಡದೊಳಕ್ಕೆ ಹೋಗಲಿಲ್ಲ. ತಿರುಗಿಸಿ ನೋಡಿದೆ, ಎಣ್ಣೆ ಹಚ್ಚಿ ನೋಡಿದೆ, ಆಗಲಿಲ್ಲ. ವ್ಯಾಪಾರಿ ಬಾಗಿಲಲ್ಲಿ ನಿಂತಿದ್ದರು. ನನಗೆ ನಾಚಿಕೆಯಿಂದ ಮುಖವೆತ್ತಲಾಗಲಿಲ್ಲ. ತಂದೆಯವರು ಮೈಕ್ರೋಮೀಟರನ್ನು ಕೈಗೆ ಕೊಟ್ಟರು. ದಂಡ ೨೦.೦೧ ಇತ್ತು. ನಮ್ಮ ವರ್ನಿಯರು ೦.೦೨ಕ್ಕಿಂತ ಸೂಕ್ಷ್ಮವಾದುದನ್ನು ತೋರಿಸಲಾರದು. ಬುಷ್ಷಿನ ಒಳವ್ಯಾಸ ನಾನು ಬರೆದಂತೆ ೨೦.೦೦.

"ನಿಮಗೆ ಮೊದಲೇ ಗೊತ್ತಿತ್ತೆ?" ಎಂದೆ.

"ಇಪ್ಪತ್ತರೊಳಗೆ ಇಪ್ಪತ್ತು ಹೋಗದು ಎಂದು ಗೊತ್ತಿರದೆ ಮೂವತ್ತು ವರ್ಷ ಅನ್ನ ತಿಂದೆನೆ?" ಎಂದು ನಕ್ಕರು. "ರಂಧ್ರ ಸಣ್ಣದಾದರೆ ಮತ್ತೆ ಕೊರೆಯಬಹುದು; ದೊಡ್ಡದಾಗಿದ್ದರೆ ಬಿಸಾಡಬೇಕಿತ್ತು. ಅದಕ್ಕೇ ಸುಮ್ಮನಿದ್ದೆ. ನೀನು ಬರೆದದ್ದನ್ನು ಬರೆದಂತೆ ಮಾಡಿ ತೋರಿಸದಿದ್ದರೆ ನೀನು ಕಲಿಯುವುದು ಎಂದು?" ಹಾಗೆಂದು ಬುಷ್ಷನ್ನು ಮತ್ತೆ ಲೇತಿಗೆ ಕಟ್ಟಿ, ಒಳವ್ಯಾಸವನ್ನು ೨೦.೦೪ಕ್ಕೆ ಏರಿಸಿದರು. ಅದು ನಯವಾಗಿ ಕೂತಿತು. ಸಂಜೆಗೆ ಯಂತ್ರ ತಿರುಗಿತು.

ಆ ರಾತ್ರಿ ಅಕ್ಕ ಇದರ ಶಾಸ್ತ್ರವನ್ನು ವಿವರಿಸಿದಳು. ಲೋಹದಲ್ಲಿ ಯಾವ ಅಳತೆಯೂ ಒಂದೇ ಸಂಖ್ಯೆಯಲ್ಲ. ಅದು ಎರಡು ಸಂಖ್ಯೆಗಳ ನಡುವಿನ ಜಾಗ. ಅಂತಾರಾಷ್ಟ್ರೀಯ ಮಾನದಲ್ಲಿ ೨೦ ಮಿಲಿಮೀಟರಿನ ರಂಧ್ರವನ್ನು 'ಎಚ್ ೭' ಎಂದು ಗುರುತಿಸಿದರೆ ಅದು ೨೦.೦೦೦ದಿಂದ ೨೦.೦೨೧ರೊಳಗಿರಬೇಕು. ದಂಡವನ್ನು ಸಣ್ಣಕ್ಷರದ 'ಜಿ ೬' ಎಂದು ಗುರುತಿಸಿದರೆ ಅದು ೧೯.೯೮೦ರಿಂದ ೧೯.೯೯೩ರೊಳಗೆ. ಆಗ ಇವೆರಡರ ನಡುವಿನ ಸಂದು ೦.೦೦೭ಕ್ಕಿಂತ ಕಡಮೆಯಾಗದು, ೦.೦೪೧ಕ್ಕಿಂತ ಹೆಚ್ಚಾಗದು. ಪರದೆಗೆ ಈ ಸಂದಿನ ಅಗತ್ಯವಿಲ್ಲ. ತಿರುಗುವ ದಂಡಕ್ಕೂ ಅದರ ಎಣ್ಣೆಗೂ ಇದೆ. ಅದನ್ನು ನೆನೆದು ಬರೆಯಬೇಕಾದವನು ರಚಿಸುವವನೇ.

ಈ ವಿದ್ಯೆಯಲ್ಲಿ ಆಸಕ್ತಿಯಿರುವ ಗೆಳೆಯರಿಗೆ ಕೆಲವು ಮಾತುಗಳನ್ನು ಹೇಳಿ ಮುಗಿಸುತ್ತೇನೆ. ಒಂದು: ಮೊದಲ ರಚನೆಗೆ ಕೈಯಲ್ಲಿ ಹಿಡಿದು ಅಳೆಯಬಹುದಾದ ಸಣ್ಣ ವಸ್ತುವನ್ನೇ ಆರಿಸಿಕೊಳ್ಳಿ. ಮೊದಲೇ ಮೋಟಾರು ಸೈಕಲ್ಲಿಗೆ ಕೈ ಹಾಕಿದವರು ಚಕ್ರದ ಬಳಿಯೇ ಬಿಟ್ಟುಬಿಡುತ್ತಾರೆ. ಎರಡು: ಪರದೆಯ ಮುಂದೆ ಕೂರುವ ಮೊದಲು ಕಾಗದದ ಮೇಲೆ ಕೈಯಿಂದ ಬರೆದು ಅಳತೆಗಳನ್ನು ಗುರುತಿಸಿ. ಮೂರು: ಮುಗಿಯಿತೆಂದುಕೊಂಡಾಗ ಒಂದು ಅಳತೆಯನ್ನು ಬದಲಿಸಿ ನೋಡಿ, ರಚನೆ ನಿಂತರೆ ಗೆದ್ದಿರಿ, ಕುಸಿದರೆ ಎಲ್ಲಿ ಕುಸಿಯಿತೋ ಅಲ್ಲೇ ಪಾಠವಿದೆ. ನಾಲ್ಕು: ನಡುವೆ ಕತ್ತರಿಸಿ ಒಳಗನ್ನು ನೋಡದೆ ಯಾರಿಗೂ ತೋರಿಸಬೇಡಿ. ಐದು: ಆ ವಸ್ತುವನ್ನು ಕೈಯಿಂದ ಮಾಡುವವರಿಗೆ ಒಮ್ಮೆಯಾದರೂ ತೋರಿಸಿ.

ಈ ಕೊನೆಯ ಮಾತಿಗೆ ಒಂದು ನಿದರ್ಶನ. ರಜೆ ಮುಗಿಯುವ ಮೊದಲು ದೂರದ ಗಿರಾಕಿಯೊಬ್ಬರಿಂದ ಒಂದು ಕಡತ ಬಂದಿತು. ನಾನು ತೆರೆದು, ಭಾಗವನ್ನು ನಡುವೆ ಸೀಳಿ, ಪರದೆಯ ಮೇಲೆ ತಿರುಗಿಸಿ ತೋರಿಸಿದೆ. ತಂದೆಯವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಒಳಗಿನ ಒಂದು ಮೂಲೆಯ ಮೇಲೆ ಬೆರಳಿಟ್ಟು, "ಇಷ್ಟು ಚೂಪಾದ ಮೂಲೆ ಬರುವುದಿಲ್ಲ. ಉಳಿಯ ತುದಿ ಸ್ವಲ್ಪ ದುಂಡಗಿರುತ್ತದೆ. ಅಲ್ಲಿ ದುಂಡು ಕೊಡಬಹುದೇ ಎಂದು ಕೇಳು" ಎಂದರು. ಕೇಳಿದೆವು. ಗಿರಾಕಿಯ ಎಂಜಿನಿಯರು ಒಪ್ಪಿ, ತಿದ್ದಿದ ಕಡತವನ್ನು ಮರುದಿನವೇ ಕಳುಹಿಸಿದರು. ಕೆಲಸ ನಮಗೇ ಉಳಿಯಿತು.

ಈಗ ನಾನು ಕಾಲೇಜಿನಿಂದ ಮನೆಗೆ ಹೋದೊಡನೆ ತಂದೆಯವರು ಮೊದಲು ಕೇಳುವ ಪ್ರಶ್ನೆ, "ಏನಾದರೂ ಬಂದಿದೆಯೇ, ತೆಗೆದು ತೋರಿಸು" ಎಂದು. ಕಡತವನ್ನು ತೆರೆಯುವವನು ನಾನು. ಅದನ್ನು ಓದುವವರು ಅವರೇ.