ನಾನು ಯಾವ ಮೆಟ್ಟಿಲಲ್ಲಿದ್ದೇನೆ?

ಎಂಟನೇ ತರಗತಿ ಮುಗಿದ ಬೇಸಿಗೆ ರಜೆ. ಅಪ್ಪ ಹೊಲದ ಪಹಣಿಯನ್ನು ನನ್ನ ಮುಂದಿಟ್ಟು, "ಎಕ್ರೆಗೆ ನಾಕು ಲೋಡು ಗೊಬ್ಬರ ಹೊಡೆಸುದ್ರೆ ನಮ್ಮ ಹೊಲಕ್ಕೆ ಎಷ್ಟು ಬೇಕಾಯ್ತದೆ ಲೆಕ್ಕ ಹಾಕವ್ವ" ಎಂದರು. ವಿಸ್ತೀರ್ಣದ ಕಾಲಂನಲ್ಲಿ 1-10 ಎಂದಿತ್ತು. ನಾನು ಅದನ್ನು 1.10 ಎಂದು ಓದಿಕೊಂಡೆ. ನಾಲ್ಕರಿಂದ ಗುಣಿಸಿ 4.4 ಬಂತು. "ನಾಲ್ಕೂವರೆಗೆ ಒಂಚೂರು ಕಮ್ಮಿ" ಎಂದೆ.

ಅಪ್ಪ ಓದಿದ್ದು ಏಳನೇ ಕ್ಲಾಸಿನ ತನಕ. ಪೆನ್ನು ಕೂಡ ಮುಟ್ಟದೆ "ಐದು ಲೋಡು" ಅಂದರು. ನಾನು ಬಿಡಲಿಲ್ಲ, ಪುಸ್ತಕ ತಂದು ಗುಣಿಸಿ ತೋರಿಸಿದೆ. ಅವರು ತಾಳ್ಮೆಯಿಂದ ಹೇಳಿದರು: "ಅದು ಒಂದು ಎಕ್ರೆ ಹತ್ತು ಗುಂಟೆ ಕಣವ್ವ. ನಲವತ್ತು ಗುಂಟೆಗೆ ಒಂದು ಎಕ್ರೆ. ಹತ್ತು ಗುಂಟೆ ಅಂದ್ರೆ ಕಾಲು. ಒಂದು ಎಕ್ರೆಗೆ ನಾಕು, ಕಾಲು ಎಕ್ರೆಗೆ ಒಂದು. ಐದಲ್ವಾ?"

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಗುಂಟೆಯ ಲೆಕ್ಕ ಗೊತ್ತಿರಲಿಲ್ಲ ಎಂಬುದು ದೊಡ್ಡ ವಿಷಯವಾಗಿರಲಿಲ್ಲ. ನಲವತ್ತರಲ್ಲಿ ಹತ್ತು ಎಂದರೆ ನಾಲ್ಕನೇ ಒಂದು ಭಾಗ ಎಂದು ಅಪ್ಪ ಹೇಳಿದ ಮೇಲೂ ಅದು ನನಗೆ ತಕ್ಷಣ ಹೊಳೆಯಲಿಲ್ಲ ಎಂಬುದೇ ಚುಚ್ಚುತ್ತಿತ್ತು. ಅದು ಭಿನ್ನರಾಶಿ. ಐದನೇ ತರಗತಿಯ ಪಾಠ. ನಾನು ಐದನೇ ತರಗತಿಯಲ್ಲಿದ್ದದ್ದು 2020-21ರಲ್ಲಿ.

ಕೊರೊನಾದಿಂದಾಗಿ ಆ ವರ್ಷ ನಮ್ಮ ಶಾಲೆಯ ಬಾಗಿಲು ತೆರೆಯಲಿಲ್ಲ. ಮಳೆಗಾಲದಲ್ಲಿ ವಿದ್ಯಾಗಮ ಶುರುವಾದಾಗ ಮೇಡಂ ನಮ್ಮೂರಿಗೇ ಬರುತ್ತಿದ್ದರು. ಮಾರಮ್ಮನ ಗುಡಿಯ ಜಗಲಿಯ ಮೇಲೆ ದೂರ ದೂರ ಕೂರಿಸಿ ಪಾಠ ಹೇಳುತ್ತಿದ್ದರು. ಅಕ್ಟೋಬರಿನಲ್ಲಿ ಅದೂ ನಿಂತುಹೋಯಿತು. ಆನ್‌ಲೈನ್ ಪಾಠ ಕೇಳೋಣವೆಂದರೆ ಮನೆಯಲ್ಲಿ ಇದ್ದದ್ದು ಅಪ್ಪನ ಬಟನ್ ಫೋನು. 2021ರ ಸೆಪ್ಟೆಂಬರಿನಲ್ಲಿ ನಾನು ಮತ್ತೆ ಬೆಂಚಿನ ಮೇಲೆ ಕೂತಾಗ ಆರನೇ ತರಗತಿಯ ಹುಡುಗಿಯಾಗಿದ್ದೆ. ಏಳನೇ ತರಗತಿಯಲ್ಲಿ 'ಕಲಿಕಾ ಚೇತರಿಕೆ'ಯ ಹಾಳೆಗಳನ್ನು ಕೊಟ್ಟರು. ಅವು ನಾವು ಕಳೆದುಕೊಂಡದ್ದನ್ನು ತುಂಬಿಕೊಡಲೆಂದೇ ಮಾಡಿದ ಹಾಳೆಗಳು. ನಾನು ಪಕ್ಕದವಳದನ್ನು ನೋಡಿ ತುಂಬಿದೆ, ಗೊತ್ತಿಲ್ಲ ಎಂದು ಹೇಳಲು ನಾಚಿಕೆಯಾಗಿತ್ತು. ಎಂಟನೇ ತರಗತಿಯ ಬೋರ್ಡ್ ಪರೀಕ್ಷೆ ಅರ್ಧಕ್ಕೆ ನಿಂತಿತು, ಮತ್ತೆ ನಡೆಯಿತು, ಕೊನೆಗೆ ಫಲಿತಾಂಶ ಪ್ರಕಟಿಸದಂತೆ ಸುಪ್ರೀಂ ಕೋರ್ಟು ತಡೆ ಕೊಟ್ಟಿತು. ಹೀಗೆ ನಾನು ಒಂದೊಂದೇ ತರಗತಿ ದಾಟಿಕೊಂಡು ಬಂದೆ. ನನಗೆ ಏನು ಬರುವುದಿಲ್ಲ ಎಂಬುದು ಯಾರಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ.

ಒಂಬತ್ತನೇ ತರಗತಿಯ ಮೊದಲ ಕಿರುಪರೀಕ್ಷೆಯಲ್ಲಿ ಗಣಿತದಲ್ಲಿ 20ಕ್ಕೆ 6 ಬಂತು. ಗಣಿತದ ಸಾರ್ ಬೈಯಲಿಲ್ಲ. ಊಟದ ಬಿಡುವಿನಲ್ಲಿ ಕರೆದು, ಒಂಬತ್ತನೇ ತರಗತಿಯ ಒಂದು ಲೆಕ್ಕ ಕೊಟ್ಟರು. ಆಗಲಿಲ್ಲ. ಎಂಟರದು ಕೊಟ್ಟರು. ಆಗಲಿಲ್ಲ. ಏಳು, ಆರು. ಕೊನೆಗೆ ಕಾಲು ಭಾಗಕ್ಕೆ ಅರ್ಧ ಕೂಡಿಸಲು ಹೇಳಿದರು. ನಾನು ಮೇಲಿನ ಒಂದಕ್ಕೆ ಒಂದು, ಕೆಳಗಿನ ನಾಲ್ಕಕ್ಕೆ ಎರಡು ಕೂಡಿಸಿ ಆರನೇ ಎರಡು ಎಂದು ಬರೆದೆ. ಅವರು ಅದನ್ನು ನೋಡಿ, "ಸಿಕ್ತು ನೋಡು. ನೀನು ಜಾರಿರೋದು ಇಲ್ಲಿ. ಮೇಲಿಂದು ಯಾವುದೂ ನಿನ್ನ ತಪ್ಪಲ್ಲ" ಎಂದರು.

ನಾನು ಅಳುಮೋರೆ ಹಾಕಿಕೊಂಡು ಪಹಣಿಯ ಕತೆ ಹೇಳಿದೆ. ಸಾರ್‌ಗೆ ಅದು ತುಂಬ ಇಷ್ಟವಾಯಿತು. ಅಂದಿನಿಂದ ನಮ್ಮ ಭಿನ್ನರಾಶಿಯೆಲ್ಲ ಗುಂಟೆಯಲ್ಲೇ ನಡೆಯಿತು. ಕಾಲು ಎಕರೆ ಹತ್ತು ಗುಂಟೆ, ಅರ್ಧ ಎಕರೆ ಇಪ್ಪತ್ತು, ಎರಡೂ ಸೇರಿದರೆ ಮೂವತ್ತು, ಅಂದರೆ ಮುಕ್ಕಾಲು. ಎಂಟನೇ ಒಂದು ಎಂದರೆ ಐದು ಗುಂಟೆ. ಛೇದವನ್ನು ಯಾಕೆ ಸಮ ಮಾಡಿಕೊಳ್ಳಬೇಕು ಎಂಬುದು ನಾಲ್ಕು ವರ್ಷದಿಂದ ಅರ್ಥವಾಗಿರಲಿಲ್ಲ. ಎಕರೆಯನ್ನೆಲ್ಲ ಗುಂಟೆ ಮಾಡಿಕೊಂಡ ಮೇಲೆ ತಾನೇ ಕೂಡಿಸಲು ಬರುವುದು ಎಂದು ಅವರು ಹೇಳಿದಾಗ ಕಣ್ಣು ಬಿಟ್ಟಂತಾಯಿತು. ತಾತನ ಮೂರು ಎಕರೆ ಮೂವತ್ತು ಗುಂಟೆ ಮೂರು ಜನ ಅಣ್ಣತಮ್ಮಂದಿರಿಗೆ ಭಾಗವಾಗಿ ಅಪ್ಪನಿಗೆ 1-10 ಬಂದದ್ದನ್ನೂ ನಾನೇ ಲೆಕ್ಕ ಹಾಕಿ ತೋರಿಸಿದೆ. ನೂರೈವತ್ತು ಗುಂಟೆ, ಮೂರರಿಂದ ಭಾಗಿಸಿದರೆ ಐವತ್ತು. ಎರಡು ತಿಂಗಳು, ದಿನಾ ಇಪ್ಪತ್ತು ನಿಮಿಷ. ಅಷ್ಟೇ ಬೇಕಾಗಿದ್ದದ್ದು.

ಶಿಕ್ಷಣದ ಭವಿಷ್ಯ ಎಂದು ದೊಡ್ಡವರು ಮಾತಾಡುವಾಗ ಸ್ಮಾರ್ಟ್ ಬೋರ್ಡು, ರೋಬೋಟು, ಕೋಡಿಂಗು ಎನ್ನುತ್ತಾರೆ. ಎಂಟನೇ ತರಗತಿಯ ಪ್ರಬಂಧ ಸ್ಪರ್ಧೆಯಲ್ಲಿ ನಾನೂ ಅದನ್ನೇ ಬರೆದು ಎರಡನೇ ಬಹುಮಾನ ತಂದಿದ್ದೆ. ಪ್ರತಿ ಮಗುವಿಗೂ ಅವರವರ ವೇಗಕ್ಕೆ ತಕ್ಕ ಪಾಠ ಮುಂದೆ ಬರಲಿದೆ ಎಂದು ಅದರಲ್ಲಿ ಬರೆದದ್ದು ನೆನಪಿದೆ. ಬರೆಯುವಾಗ ನನಗೆ ಹೊಳೆಯದ ಸಂಗತಿ ಏನೆಂದರೆ, ಅಂಥ ಪಾಠವನ್ನು ನಾನು ಆಗಲೇ ಓದಿ ಬಂದಿದ್ದೆ. ಒಂದರಿಂದ ಮೂರನೇ ತರಗತಿಯವರೆಗೆ, ನಲಿ-ಕಲಿಯಲ್ಲಿ.

ನಲಿ-ಕಲಿ ಹುಟ್ಟಿದ್ದು ನಮ್ಮ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲೇ, 1995ರಲ್ಲಿ. ನಮ್ಮ ಕಡೆಯ ಮೇಷ್ಟ್ರುಗಳು ಆಂಧ್ರದ ಋಷಿ ವ್ಯಾಲಿಗೆ ಹೋಗಿ, ಅಲ್ಲಿನ ಹಳ್ಳಿ ಶಾಲೆಗಳನ್ನು ನೋಡಿ ಬಂದು, ಇಲ್ಲಿನ ಮಕ್ಕಳಿಗೆ ಹೊಂದುವ ಕಾರ್ಡುಗಳನ್ನು ಮಾಡಿದರು. ಯುನಿಸೆಫ್ ನೆರವಿತ್ತು. 2009-10ರಿಂದ ಅದು ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹೋಯಿತು. ಕೋಟೆ ತಾಲ್ಲೂಕು ಎಂದರೆ ಹಿಂದುಳಿದ ತಾಲ್ಲೂಕು ಎಂದೇ ಎಲ್ಲ ಕಡೆ ಕೇಳಿ ಬೆಳೆದವಳು ನಾನು. ನಲಿ-ಕಲಿ ಇಲ್ಲೇ ಹುಟ್ಟಿದ್ದು ಎಂದು ಸಾರ್ ಹೇಳಿದ ದಿನ ಮನೆಗೆ ಓಡಿ ಹೋಗಿ ಅವ್ವನಿಗೆ ಹೇಳಿದ್ದೆ.

ಆ ಕೋಣೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಒಂದು, ಎರಡು, ಮೂರು ತರಗತಿಯವರೆಲ್ಲ ಒಟ್ಟಿಗೇ ನೆಲದ ಮೇಲೆ ಗುಂಡಗೆ ಕೂರುತ್ತಿದ್ದೆವು. ತಲೆಯ ಮೇಲೆ ದಾರ ಕಟ್ಟಿದ ಚಪ್ಪರ, ಅದರಲ್ಲಿ ನಾವು ಬರೆದ ಚಿತ್ರಗಳು ತೂಗುತ್ತಿದ್ದವು. ಗೋಡೆಯ ಕೆಳಭಾಗದಲ್ಲಿ, ನಮ್ಮ ಕೈಗೆಟಕುವ ಎತ್ತರದಲ್ಲಿ, ಕಪ್ಪು ಹಲಗೆ. ಅದರಲ್ಲಿ ಒಬ್ಬೊಬ್ಬರಿಗೆ ಒಂದೊಂದು ಜಾಗ. ಗೋಡೆಯ ಮೇಲೆ ಕಲಿಕಾ ಏಣಿ. ಒಂದು ಮೆಟ್ಟಿಲಿಗೆ ಒಂದು ಕಾರ್ಡು, ಅದು ಬಂದ ಮೇಲೆ ಮುಂದಿನದು. ಕೆಲವು ಮೆಟ್ಟಿಲಿಗೆ ಮೇಡಂ ಪಕ್ಕದಲ್ಲಿ ಕೂರುತ್ತಿದ್ದರು, ಕೆಲವಕ್ಕೆ ಗೆಳತಿ ಸಾಕಿತ್ತು, ಕೆಲವನ್ನು ಒಬ್ಬಳೇ ಹತ್ತುತ್ತಿದ್ದೆ. ಜ್ವರ ಬಂದು ಹದಿನೈದು ದಿನ ಮಲಗಿ ಎದ್ದು ಹೋದರೂ ನಿಲ್ಲಿಸಿದ್ದ ಮೆಟ್ಟಿಲಿನಿಂದಲೇ ಮುಂದುವರಿಸಬಹುದಿತ್ತು. ನಾನು ಹಿಂದೆ, ನೀನು ಮುಂದೆ ಎಂಬ ಮಾತು ಆ ಕೋಣೆಯಲ್ಲಿ ಕೇಳಿದ ನೆನಪು ನನಗಿಲ್ಲ.

ನಾಲ್ಕನೇ ತರಗತಿಗೆ ಬಂದಾಗ ಏಣಿಯನ್ನು ತೆಗೆದುಬಿಟ್ಟರು. ಅಲ್ಲಿಂದ ಮುಂದೆ ಪಾಠ ಬಸ್ಸಿನಂತೆ ಓಡುತ್ತದೆ, ಹೊತ್ತಿಗೆ ಸರಿಯಾಗಿ. ಹತ್ತಿದವರು ಹತ್ತಿದರು.

ಇದನ್ನು ನಾನು ಹೆಚ್ಚು ಅರ್ಥ ಮಾಡಿಕೊಂಡದ್ದು ನನ್ನ ಗೆಳತಿಯಿಂದ. ಅವಳು ಜೇನುಕುರುಬರ ಹಾಡಿಯವಳು. ಒಂಬತ್ತನೇ ತರಗತಿಯಲ್ಲಿದ್ದಾಗ ಡಿಸೆಂಬರಿನಲ್ಲಿ ಅಪ್ಪ ಅವ್ವನ ಜೊತೆ ಕಾಫಿ ಕುಯ್ಯಲು ಕೊಡಗಿನ ಎಸ್ಟೇಟಿಗೆ ಹೋದಳು. ಫೆಬ್ರವರಿಯಲ್ಲಿ ಬಂದು ನನ್ನ ಪಕ್ಕ ಕೂತು, "ಎಲ್ಲಿಗಂಟ ಆಗದೆ?" ಎಂದು ಕೇಳಿದಳು. ಹೆರಾನನ ಸೂತ್ರ ಮುಗಿದು ಘನಫಲ ನಡೆಯುತ್ತಿತ್ತು. ಅವಳು ತಲೆಯಾಡಿಸಿ ಬೋರ್ಡಿನ ಮೇಲಿದ್ದದ್ದನ್ನು ಬರೆದುಕೊಳ್ಳತೊಡಗಿದಳು. ಅವಳ ಅಕ್ಷರ ಪೋಣಿಸಿಟ್ಟಂತೆ ಇರುತ್ತದೆ. ನೋಟ್ಸು ನೋಡಿದವರು ಈ ಹುಡುಗಿಗೆ ಎಲ್ಲವೂ ಅರ್ಥವಾಗಿದೆ ಎಂದುಕೊಳ್ಳುತ್ತಾರೆ. "ಅರ್ಥ ಆಯ್ತಾ?" ಎಂದು ಕೇಳಿದರೆ "ಆಯ್ತು ಸಾರ್" ಎನ್ನುತ್ತಾಳೆ. ನಾನೂ ನಾಲ್ಕು ವರ್ಷ ಹಾಗೇ ಅಂದಿದ್ದೆ.

ಹತ್ತನೇ ತರಗತಿಯಲ್ಲಿ ಅವಳಂಥವರ ಕೈಗೆ 'ಪಾಸಿಂಗ್ ಪ್ಯಾಕೇಜ್' ಬರುತ್ತದೆ. ಖಂಡಿತ ಬರುವ ಪ್ರಶ್ನೆಗಳನ್ನು ಆಯ್ದು ಅವನ್ನಷ್ಟೇ ಬಾಯಿಪಾಠ ಮಾಡಿಸುವುದು. ನಮ್ಮ ಮೇಷ್ಟ್ರುಗಳ ಮೇಲೆ ನನಗೆ ಸಿಟ್ಟಿಲ್ಲ. ಬೆಳಿಗ್ಗೆ ಬೇಗ ಬಂದು, ಸಂಜೆ ಕತ್ತಲಾಗುವವರೆಗೂ ನಿಂತು ಹೇಳಿಕೊಡುತ್ತಾರೆ. ಆನೆ ಓಡಾಡುವ ದಾರಿ ಎಂದು ನಮ್ಮನ್ನು ಗುಂಪು ಮಾಡಿ ಊರಿನ ತನಕ ಬಿಟ್ಟು ಹೋಗಿದ್ದೂ ಇದೆ. ಆದರೂ ಹೇಳಲೇಬೇಕು: ಗೆಳತಿ ಥೇಲ್ಸ್ ಪ್ರಮೇಯವನ್ನು ಒಂದು ಗೆರೆಯೂ ತಪ್ಪದೆ ಬರೆಯುತ್ತಿದ್ದಳು. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಎಬಿಸಿ ತ್ರಿಭುಜದ ಬದಲು ಪಿಕ್ಯುಆರ್ ತ್ರಿಭುಜ ಕೊಟ್ಟಿದ್ದರು. ಅವಳು ಅಕ್ಷರ ಬದಲಾದದ್ದು ನೋಡಿ ಅದು ಬೇರೆ ಪ್ರಮೇಯ ಎಂದುಕೊಂಡು ಇಡೀ ಪ್ರಶ್ನೆ ಬಿಟ್ಟು ಬಂದಳು.

2023-24ರಿಂದ ಎಸ್ಸೆಸ್ಸೆಲ್ಸಿಯನ್ನು ವರ್ಷಕ್ಕೆ ಮೂರು ಸಲ ಬರೆಯಬಹುದು, ಹೆಚ್ಚು ಬಂದ ಅಂಕ ಉಳಿಯುತ್ತದೆ. ಇದು ಒಳ್ಳೆಯದು. ಒಂದು ದಿನದ ಜ್ವರಕ್ಕೆ ಒಂದು ವರ್ಷ ಹಾಳಾಗುವುದಿಲ್ಲ. ಆದರೆ ಒಂದು ಪರೀಕ್ಷೆಗೂ ಇನ್ನೊಂದಕ್ಕೂ ನಡುವೆ ಸಿಗುವ ವಾರಗಳಲ್ಲಿ ಐದನೇ ತರಗತಿಯ ಭಿನ್ನರಾಶಿಯ ತನಕ ಇಳಿದು ಬರಲು ಯಾರಿಗೆ ಪುರಸೊತ್ತಿದೆ? 2023ರಲ್ಲಿ ಶೇ 83.89 ಇದ್ದ ಫಲಿತಾಂಶ, ಪರೀಕ್ಷಾ ಕೋಣೆಗೆ ವೆಬ್‌ಕ್ಯಾಮೆರಾ ಬಂದ 2024ರಲ್ಲಿ ಕೃಪಾಂಕ ಹೆಚ್ಚಿಸಿದ ಮೇಲೂ ಶೇ 73.40ಕ್ಕೆ ಇಳಿಯಿತು. ಆಗ ಎಲ್ಲರೂ ನಕಲಿನ ಬಗ್ಗೆ ಮಾತಾಡಿದರು. ಮಕ್ಕಳು ಯಾವ ಮೆಟ್ಟಿಲಲ್ಲಿ ಜಾರಿದ್ದಾರೆ ಎಂದು ಹುಡುಕುವ ಮಾತು ನನ್ನ ಕಿವಿಗೆ ಬೀಳಲಿಲ್ಲ. 2025ರ ಆಗಸ್ಟ್‌ನಲ್ಲಿ ಸುಖದೇವ್ ಥೋರಟ್ ಅವರ ಆಯೋಗ ರಾಜ್ಯ ಶಿಕ್ಷಣ ನೀತಿಯ ವರದಿ ಕೊಟ್ಟಾಗಲೂ ನಮ್ಮೂರಿನ ಹೋಟೆಲಿನಲ್ಲಿ ನಡೆದ ಚರ್ಚೆ ಎರಡು ಭಾಷೆಯೋ ಮೂರು ಭಾಷೆಯೋ ಎಂಬುದರ ಸುತ್ತಲೇ ಇತ್ತು.

ಎಐ ಬಗ್ಗೆಯೂ ಹೇಳಬೇಕು, ಅದನ್ನು ನಾನು ದಿನಾ ಬಳಸುತ್ತೇನೆ. ರಾತ್ರಿ ಅಣ್ಣ ಕೆಲಸದಿಂದ ಬಂದ ಮೇಲೆ ಅವನ ಫೋನು ಅರ್ಧ ಗಂಟೆ ನನ್ನದು. ಮೊದಮೊದಲು ವರ್ಗ ಸಮೀಕರಣದ ಫೋಟೋ ತೆಗೆದು ಹಾಕುತ್ತಿದ್ದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಕನ್ನಡದಲ್ಲೇ ಹಂತ ಹಂತವಾಗಿ ಉತ್ತರ ಬರುತ್ತಿತ್ತು. ಅದನ್ನು ನೋಟ್ಸಿಗೆ ಇಳಿಸಿದೆ. ಪರೀಕ್ಷೆಯಲ್ಲಿ ಅಂಥದೇ ಲೆಕ್ಕದ ಮುಂದೆ ಸುಮ್ಮನೆ ಕೂತೆ. ಆಮೇಲೆ ಕೇಳುವ ರೀತಿಯನ್ನೇ ಬದಲಿಸಿದೆ. ನಾನು ಮಾಡಿದ ಲೆಕ್ಕವನ್ನು ಹಾಕಿ, "ಉತ್ತರ ಹೇಳಬೇಡ, ಎಲ್ಲಿ ತಪ್ಪಿದ್ದೇನೆ ಎಂದು ನನಗೇ ಗೊತ್ತಾಗುವ ಹಾಗೆ ಪ್ರಶ್ನೆ ಕೇಳು" ಎಂದು ಬರೆಯುತ್ತೇನೆ. ಅದು ಕೇಳುತ್ತದೆ, ಬೇಸರವಿಲ್ಲದೆ ಹತ್ತು ಸಲ ಕೇಳುತ್ತದೆ. ಪಿಯುಸಿಯಲ್ಲಿ ವಿಜ್ಞಾನವನ್ನು ಇಂಗ್ಲಿಷಿನಲ್ಲಿ ಓದಬೇಕೆಂಬ ಭಯವೂ ಅದರಿಂದ ಸ್ವಲ್ಪ ಇಳಿದಿದೆ. ಛೇದಕ್ಕೆ ಡಿನಾಮಿನೇಟರ್, ಅಂಶಕ್ಕೆ ನ್ಯೂಮರೇಟರ್ ಎಂದು ಒಂದು ಪುಸ್ತಕದಲ್ಲಿ ಎದುರುಬದುರು ಬರೆದಿಟ್ಟುಕೊಳ್ಳುತ್ತಿದ್ದೇನೆ.

ಆದರೆ ಆ ಪ್ರಶ್ನೆ ಕೇಳಲು ನನಗೆ ಬಂದದ್ದು ಎಲ್ಲಿಂದ? ಊಟದ ಬಿಡುವಿನಲ್ಲಿ ಒಂಬತ್ತರಿಂದ ಐದರವರೆಗೆ ನನ್ನ ಜೊತೆ ಇಳಿದು ಬಂದ ಸಾರ್ ಅವರಿಂದ. ತಪ್ಪು ಕೆಳಗಿನ ಮೆಟ್ಟಿಲಲ್ಲಿ ಇರಬಹುದು, ಅಲ್ಲಿಗೆ ಇಳಿಯುವುದು ಅವಮಾನವಲ್ಲ ಎಂದು ಅವರು ತೋರಿಸಿಕೊಡದಿದ್ದರೆ ನಾನು ಇವತ್ತಿಗೂ ಉತ್ತರವನ್ನೇ ಇಳಿಸಿಕೊಳ್ಳುತ್ತಿದ್ದೆ. ಗೆಳತಿಯ ಹಾಡಿಯಲ್ಲಿ ಫೋನೂ ಇಲ್ಲ, ಸಿಗ್ನಲ್ಲೂ ಇಲ್ಲ. ಇದ್ದರೂ "ಆಯ್ತು" ಎಂದು ಹೇಳುವ ಹುಡುಗಿಯ ಮುಖ ನೋಡಿ, ಆಗಿಲ್ಲ ಎಂದು ತಿಳಿದುಕೊಳ್ಳುವವರು ಒಬ್ಬರು ಎದುರಿಗೆ ಬೇಕು.

ನನಗೆ ಬೇಕಾದ ಶಾಲೆ ಯಾವುದು ಎಂದು ಈಗ ಕೇಳಿದರೆ, ಪ್ರೌಢಶಾಲೆಯ ಗೋಡೆಗೂ ಒಂದು ಏಣಿ ಬೇಕು ಎನ್ನುತ್ತೇನೆ. ಎಂಟನೇ ತರಗತಿಗೆ ಸೇರಿದ ಮೊದಲ ತಿಂಗಳು ಹೊಸ ಪಾಠ ಬೇಡ. ಒಬ್ಬೊಬ್ಬರೂ ಯಾವ ಮೆಟ್ಟಿಲಲ್ಲಿದ್ದೇವೆ ಎಂದು ಹುಡುಕಲಿ. ಆಮೇಲೆ ದಿನಕ್ಕೆ ಒಂದು ಪೀರಿಯಡ್ ಅವರವರ ಮೆಟ್ಟಿಲಿಗೆ ಮೀಸಲಿಡಲಿ. ಎಲ್ಲರ ಪಕ್ಕದಲ್ಲೂ ಸಾರ್ ಕೂರಲಾಗುವುದಿಲ್ಲ, ಆದ್ದರಿಂದ ಒಂದು ಮೆಟ್ಟಿಲು ಮೇಲಿರುವವರು ಕೆಳಗಿನವರಿಗೆ ಹೇಳಿಕೊಡಲಿ. ಅದು ನಡೆಯುತ್ತದೆ ಎಂದು ನನಗೆ ಗೊತ್ತು. ಈ ವರ್ಷ ಗೆಳತಿ ಕೊಡಗಿಗೆ ಹೋಗದೆ ಅಜ್ಜಿಯ ಜೊತೆ ಹಾಡಿಯಲ್ಲೇ ಉಳಿದಳು. ವಿಶೇಷ ತರಗತಿ ಮುಗಿದ ಮೇಲೆ ನಾವಿಬ್ಬರೂ ಜಗಲಿಯಲ್ಲಿ ಕೂತು ಗುಂಟೆಯಿಂದ ಶುರು ಮಾಡಿದೆವು. ಅವಳಿಗೆ ಹೇಳಿಕೊಡುವಾಗಲೇ ನನಗೂ ಎಷ್ಟೋ ಸಂಗತಿ ಗಟ್ಟಿಯಾಯಿತು. ಹೋದ ವಾರ ನಾನು ತ್ರಿಭುಜಕ್ಕೆ ಬೇಕೆಂದೇ ಎಕ್ಸ್‌ವೈಝಡ್ ಎಂದು ಹೆಸರಿಟ್ಟೆ. ಅವಳು ಸ್ವಲ್ಪ ಹೊತ್ತು ನೋಡಿ, ಸಮಾಂತರ ಗೆರೆ ಎಳೆದು, ಪ್ರಮೇಯ ಬರೆದಳು.

ನಮ್ಮ ಪ್ರೌಢಶಾಲೆಯೂ ಪ್ರಾಥಮಿಕ ಶಾಲೆಯೂ ಒಂದೇ ಕಾಂಪೌಂಡಿನಲ್ಲಿವೆ. ಮೊನ್ನೆ ಅವಳ ಅಪ್ಪ ಅವ್ವ ಕೊಡಗಿನಿಂದ ಬಂದರು, ಜೊತೆಗೆ ಮೂರನೇ ತರಗತಿಯ ತಮ್ಮನೂ. ಮರುದಿನ ಅವನನ್ನು ನಲಿ-ಕಲಿ ಕೋಣೆಗೆ ಬಿಟ್ಟು ಬರಲು ನಾವಿಬ್ಬರೂ ಹೋದೆವು. ಮೇಡಂ ಅವನ ತಲೆ ಸವರಿ, ಏಣಿಯ ಹತ್ತಿರ ಕರೆದುಕೊಂಡು ಹೋಗಿ, ಟ್ರೇಯಿಂದ ಒಂದು ಕಾರ್ಡು ತೆಗೆದುಕೊಟ್ಟರು. ಅವನು ತನ್ನ ಜಾಗದ ಹಲಗೆಯ ಮುಂದೆ ಕೂತು ಬರೆಯತೊಡಗಿದ. ಗೆಳತಿ ಕಿಟಕಿಯ ಸರಳು ಹಿಡಿದು ನೋಡುತ್ತಲೇ ಇದ್ದಳು. ಬೆಲ್ ಹೊಡೆಯಿತು. ನಾನು ಕೈ ಎಳೆದಾಗ ಹೇಳಿದಳು:

"ನೋಡ್ದಾ? ಎಲ್ಲಿ ಬಿಟ್ಟಿದ್ನೋ ಅಲ್ಲಿಂದ್ಲೇ ಸುರು ಮಾಡ್ಕಂಡ."