ಡಿಸ್ಟ್ರಿಬ್ಯೂಟರಿನ ದೋಷಪರೀಕ್ಷೆ

ಮಳೆಗಾಲದಲ್ಲಿ ರಾತ್ರಿಯೆಲ್ಲ ನಜರ್‌ಬಾದಿನ ಬೀದಿಬದಿಯಲ್ಲಿ ನೆನೆದ ಹಳೆಯ ಪೆಟ್ರೋಲ್ ಅಂಬಾಸಿಡರ್ ಮುಂಜಾನೆ ಸ್ಟಾರ್ಟ್ ಆಗದಿದ್ದರೆ, ಕಾರ್ಬ್ಯುರೇಟರನ್ನು ಬಿಚ್ಚಲು ಕೈಹಾಕುವವರೇ ಹೆಚ್ಚು. ಇದು ಅವಸರದ ಚಿಕಿತ್ಸೆ. ಸ್ಟಾರ್ಟರು ಚೆನ್ನಾಗಿ ತಿರುಗಿಯೂ ಎಂಜಿನು ಹೊತ್ತಿಕೊಳ್ಳದಿದ್ದಲ್ಲಿ ರೋಗದ ಮೂಲವನ್ನು ಮೊದಲು ಡಿಸ್ಟ್ರಿಬ್ಯೂಟರಿನಲ್ಲಿ ಅರಸುವುದು ಉಚಿತ. ಇದನ್ನು 'ವಿತರಕ' ಎನ್ನಬಹುದು. ಗ್ಯಾರೇಜಿನಲ್ಲಿ ಆ ಹೆಸರು ನಡೆಯದು.

ಇದರ ಧರ್ಮ ಎರಡು: ಪಾಯಿಂಟುಗಳನ್ನು ತೆರೆದು ಕಾಯಿಲಿನ ಪ್ರವಾಹವನ್ನು ಕಡಿಯುವುದು, ಆಗ ಹುಟ್ಟುವ ಸಾವಿರಾರು ವೋಲ್ಟುಗಳ ವಿದ್ಯುತ್ತನ್ನು ರೋಟರಿನ ಮೂಲಕ 1-3-4-2 ಎಂಬ ಕ್ರಮದಲ್ಲಿ ನಾಲ್ಕು ಪ್ಲಗ್ಗುಗಳಿಗೆ ಹಂಚುವುದು. ಆದುದರಿಂದ ಚಾವಿಯನ್ನು ತೆಗೆದು, ಕ್ಯಾಪನ್ನು ಕಳಚಿ, ಅದರ ಒಳಮೈಯನ್ನು ಬೆಳಕಿಗೆ ಹಿಡಿದು ನೋಡಬೇಕು. ತೇವ ಮಾತ್ರವಿದ್ದರೆ ಒಣಬಟ್ಟೆಯಿಂದ ಒರೆಸಿದರೆ ಸಾಕು. ಕೂದಲೆಳೆಯಂತಹ ಕಪ್ಪುಗೆರೆಯೋ ಬಿರುಕೋ ಕಂಡರೆ ವಿದ್ಯುತ್ತು ಅಲ್ಲಿ ಅಡ್ಡದಾರಿ ಹಿಡಿದಿದೆಯೆಂದೇ ತಿಳಿಯಬೇಕು. ಅಂತಹ ಕ್ಯಾಪನ್ನು ಒರೆಸಿ ಪ್ರಯೋಜನವಿಲ್ಲ, ಬದಲಾಯಿಸಲೇಬೇಕು.

ಪಾಯಿಂಟುಗಳು ಸವೆದಿದ್ದರೆ ಹೊಸವನ್ನು ಕೂರಿಸಿ, ಕ್ಯಾಮಿನ ಉಬ್ಬು ಅವನ್ನು ಪೂರ್ಣವಾಗಿ ತೆರೆದ ಸ್ಥಿತಿಯಲ್ಲಿ ಫೀಲರ್ ಗೇಜಿನಿಂದ 0.015 ಅಂಗುಲ, ಎಂದರೆ ಸುಮಾರು 0.38 ಮಿ.ಮೀ. ಅಂತರವಿಡಬೇಕು. ಹೊಸ ಪಾಯಿಂಟುಗಳೂ ಕೆಲವೇ ದಿನಗಳಲ್ಲಿ ಸುಟ್ಟು ಕಪ್ಪಾದರೆ ಕಂಡೆನ್ಸರನ್ನು ಶಂಕಿಸಬೇಕು. ಅದನ್ನು ಬಿಟ್ಟು ಪಾಯಿಂಟುಗಳನ್ನೇ ಪದೇಪದೇ ಬದಲಿಸಿದರೆ ಮಾಲೀಕನ ಹಣ ಕರಗುವುದೇ ಹೊರತು ದೋಷ ನೀಗದು. ಅಂತರ ಬದಲಾದೊಡನೆ ಕಿಡಿ ಹಾರುವ ಕಾಲವೂ ಬದಲಾಗುವುದರಿಂದ, ಟೈಮಿಂಗನ್ನು ಪುನಃ ಹೊಂದಿಸಿಯೇ ಬಾನೆಟ್ಟನ್ನು ಮುಚ್ಚಬೇಕು.